24 ಸೆಕೆಂಡಿನ ಕೆಲಸ: ಜಿ ಲೀಗ್ ಮೇಜಿನಲ್ಲಿ ಒಂದು ಸೀಸನ್

"ಗುಂಡಿ ಒತ್ತೋಕೂ ಅಲ್ಲಿ ದುಡ್ಡು ಕೊಟ್ಟಾರೇನ್ಲಾ?" ಅಂತ ಮಂಡ್ಯದಿಂದ ಅವ್ವ ಫೋನಿನಲ್ಲಿ ಕೇಳಿದಳು.

"ಕೊಡ್ತಾರೆ ಕಣವ್ವ. ಪೆಟ್ರೋಲಿಗೂ ಊಟಕ್ಕೂ ಸರಿಹೋಯ್ತದೆ" ಅಂದೆ.

ಅವಳು ನಕ್ಕಳು. ಆದರೆ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. 2019–20ರ ಸೀಸನ್ನಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಾರಿಯರ್ಸ್ ತಂಡದ ತವರು ಪಂದ್ಯಗಳಿಗೆ ನಾನು ಶಾಟ್ ಕ್ಲಾಕ್ ಆಪರೇಟರ್ ಆಗಿದ್ದೆ. ಬ್ಯಾಸ್ಕೆಟ್‌ಬಾಲ್ ಬೋರ್ಡಿನ ಮೇಲೆ ಕೆಂಪಗೆ 24, 23, 22 ಅಂತ ಇಳಿಯುತ್ತಲ್ಲ, ಅದು ನನ್ನ ಕೈಯಲ್ಲಿತ್ತು. ಚೆಂಡು ಸಿಕ್ಕ ತಂಡ ಅದು ಸೊನ್ನೆ ಆಗುವುದರೊಳಗೆ ಬುಟ್ಟಿಗೆ ಎಸೆಯಬೇಕು. ಹಗಲು ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ರಾತ್ರಿ ಇದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಜಿ ಲೀಗ್ ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್. 2001ರಲ್ಲಿ 8 ತಂಡಗಳಿಂದ ಶುರುವಾಯಿತು, ನಾನು ಕೂತ ವರ್ಷ 28 ಇದ್ದವು. 'ಜಿ' ಅಂದರೆ ಗೇಟರೇಡ್, ಆಟಗಾರರು ಕುಡಿಯುವ ಆ ಬಣ್ಣದ ನೀರಿನ ಕಂಪನಿ. ಹೆಚ್ಚುಕಮ್ಮಿ ಎಲ್ಲ ತಂಡಕ್ಕೂ ಮೇಲೊಂದು ಎನ್‌ಬಿಎ ತಂಡ ಇರುತ್ತದೆ. ನಮ್ಮದು ಗೋಲ್ಡನ್ ಸ್ಟೇಟ್ ವಾರಿಯರ್ಸ್. ಆ ವರ್ಷ ಜಿ ಲೀಗ್ ಆಟಗಾರನಿಗೆ ಐದು ತಿಂಗಳ ಇಡೀ ಸೀಸನ್ನಿಗೆ 35,000 ಡಾಲರ್. ಒಂದು ಮೆಟ್ಟಿಲು ಮೇಲೆ ಹತ್ತಿದರೆ, ಹೊಸಬನಿಗೆ ಸಿಗುವ ಅತಿ ಕಡಿಮೆ ವರ್ಷದ ಸಂಬಳವೇ ಸುಮಾರು 9 ಲಕ್ಷ ಡಾಲರ್. ಈ ಎರಡು ಲೆಕ್ಕ ತಲೆಯಲ್ಲಿಟ್ಟುಕೊಂಡು ಆಟ ನೋಡಿದರೆ ಅಲ್ಲಿ ಯಾಕೆ ಯಾರೂ ಸುಮ್ನೆ ಓಡುವುದಿಲ್ಲ ಅಂತ ಗೊತ್ತಾಗುತ್ತದೆ.

ನಾನು ಈ ಕೆಲಸ ಮೊದಲು ಮಾಡಿದ್ದು ಮಂಡ್ಯದ ಸಿಮೆಂಟ್ ಕೋರ್ಟಿನಲ್ಲಿ, ತೊಂಬತ್ತರ ದಶಕದಲ್ಲಿ. ತಂಡಕ್ಕೆ ಆಯ್ಕೆಯಾಗುವಷ್ಟು ಎತ್ತರ ಇರಲಿಲ್ಲ, ಬಿಟ್ಟು ಹೋಗುವಷ್ಟು ಮನಸ್ಸೂ ಇರಲಿಲ್ಲ. ಹಾಗಾಗಿ ಅಂತರ ಕಾಲೇಜು ಪಂದ್ಯಗಳಲ್ಲಿ ಸ್ಕೋರು, ಸಮಯ ನೋಡಿಕೊಳ್ಳುವ ಮೇಜಿನ ಹಿಂದೆ ಕೂರುತ್ತಿದ್ದೆ. ಆಗ ನಮ್ಮಲ್ಲಿ 24 ಅಲ್ಲ, 30 ಸೆಕೆಂಡ್. ಎಲೆಕ್ಟ್ರಾನಿಕ್ ಬೋರ್ಡ್ ಎಲ್ಲಿಂದ ಬರಬೇಕು? ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಕೊನೆಯ ಹತ್ತು ಸೆಕೆಂಡ್ ಜೋರಾಗಿ ಕೂಗಬೇಕು. ಹತ್ತು, ಒಂಬತ್ತು, ಎಂಟು... ಆ ಅಭ್ಯಾಸ ಬಾಯಿಂದ ಇವತ್ತಿಗೂ ಹೋಗಿಲ್ಲ. ಅದೇ ನನ್ನನ್ನು ಒಂದು ಸಲ ಕಾಪಾಡಿತು. ಆ ಕತೆ ಆಮೇಲೆ.

ಇಲ್ಲಿ ಮಗನ ಹೈಸ್ಕೂಲ್ ಪಂದ್ಯಗಳಿಗೆ ಹೋದಾಗ ಸ್ಕೋರ್‌ಬೋರ್ಡ್ ನೋಡಿಕೊಳ್ಳಲು ಯಾರೂ ಇರುತ್ತಿರಲಿಲ್ಲ. ನಾನು ಕೂತೆ. ಎರಡು ವರ್ಷ ಅದನ್ನೇ ಮಾಡಿದೆ. ಅಲ್ಲಿಗೆ ಬರುತ್ತಿದ್ದ ಒಬ್ಬ ರೆಫ್ರಿ, ಸಾಂತಾ ಕ್ರೂಜ್‌ನಲ್ಲಿ ಮೇಜಿಗೆ ಜನ ಬೇಕಂತೆ, ಹೋಗಿ ನೋಡು ಅಂದರು. ಹೋದೆ. ಒಂದು ಸಂಜೆ ಪ್ರಾಕ್ಟೀಸ್ ಪಂದ್ಯದಲ್ಲಿ ಗುಂಡಿ ಕೊಟ್ಟು ಕೂರಿಸಿದರು, ಮುಂದಿನ ವಾರ ಪಟ್ಟಿಯಲ್ಲಿ ಹೆಸರು ಬಂತು.

ಕೆಲಸಕ್ಕಿಂತ ದಾರಿಯದೇ ಕಷ್ಟ. ಸ್ಯಾನ್ ಹೋಸೆಯಿಂದ ಸಾಂತಾ ಕ್ರೂಜ್‌ಗೆ ಹೈವೇ 17. ನಮ್ಮ ಚಾರ್ಮಾಡಿ ನೋಡಿದವರಿಗೆ ಇದು ದೊಡ್ಡದಲ್ಲ, ಆದರೆ ಚಾರ್ಮಾಡಿಯಲ್ಲಿ ಯಾರೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಿಂದೆ ಬಂದು ಲೈಟ್ ಹೊಡೆಯುವುದಿಲ್ಲ. ಮಳೆ ಬಂದರೆ ಎಲ್ಲೋ ಒಂದು ಕಡೆ ಗಾಡಿ ಉರುಳಿರುತ್ತದೆ. ಏಳು ಗಂಟೆ ಪಂದ್ಯಕ್ಕೆ ನಾನು ನಾಲ್ಕಕ್ಕೇ ಹೊರಡುತ್ತಿದ್ದೆ. ಹೆಂಡತಿ ಡಬ್ಬಿಗೆ ಚಿತ್ರಾನ್ನ ಹಾಕಿ ಕೊಡುತ್ತಿದ್ದಳು. ಪಾರ್ಕಿಂಗ್ ಜಾಗದಲ್ಲೇ ಕೂತು ತಿನ್ನುತ್ತಿದ್ದೆ. ಕಿಟಕಿ ಇಳಿಸಿದರೆ ಸಮುದ್ರದ ವಾಸನೆ, ದೂರದಲ್ಲಿ ಕಡಲ ಸಿಂಹಗಳ ಬೊಗಳಾಟ.

ಅರೀನಾ ಅಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಸುಮಾರು 2,500 ಜನ ಹಿಡಿಯುವ ಜಾಗ. 2012ರಲ್ಲಿ ಈ ತಂಡ ಉತ್ತರ ಡಕೋಟಾದ ಬಿಸ್ಮಾರ್ಕ್‌ನಿಂದ ಇಲ್ಲಿಗೆ ಬಂದಾಗ ಅವಸರದಲ್ಲಿ ಎಬ್ಬಿಸಿದ್ದು. ದೊಡ್ಡ ಟೆಂಟಿನ ಹಾಗಿದೆ. ಊರಿನ ಜನರೆಲ್ಲ ಬರುತ್ತಾರೆ. ಮೊದಲ ಸಾಲಿನ ಹುಡುಗ ಕಾಲು ಚಾಚಿದರೆ ಕೋರ್ಟಿನ ಗೆರೆ ತಾಗುತ್ತದೆ. ಮೇಜಿನಲ್ಲಿ ಕೂತವರಿಗಂತೂ ಆಟಗಾರರ ಉಸಿರು ಕೇಳುತ್ತದೆ, ಬೆವರೂ ಹಾರುತ್ತದೆ. ನಾನು ನೋಟ್‌ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡಿದ್ದೆ.

ಈಗ ಕೆಲಸದ ವಿಷಯ. ಹೊರಗಿನಿಂದ ನೋಡಿದರೆ ಎರಡೇ ಗುಂಡಿ ಅನಿಸುತ್ತದೆ, ಒಂದು 24ಕ್ಕೆ, ಒಂದು 14ಕ್ಕೆ. ಚೆಂಡು ಎದುರಾಳಿಯ ಕೈಗೆ ಹೋದರೆ 24. ಎಸೆದ ಚೆಂಡು ರಿಂಗ್‌ಗೆ ತಾಗಿ ಎಸೆದ ತಂಡಕ್ಕೇ ಮತ್ತೆ ಸಿಕ್ಕಿದರೆ 14. ರಿಂಗ್‌ಗೆ ತಾಗದೇ ಇದ್ದರೆ ಏನೂ ಇಲ್ಲ, ಓಡುತ್ತಲೇ ಇರಬೇಕು. ಇಷ್ಟೇ. ಆದರೆ ಇದನ್ನು ಕಣ್ಣು ರೆಪ್ಪೆ ಬಡಿಯುವುದರೊಳಗೆ ತೀರ್ಮಾನಿಸಬೇಕು. ನಾನು ಕಲಿತ ಮೊದಲ ಪಾಠ: ಚೆಂಡು ಕೈ ಬಿಟ್ಟ ಮೇಲೆ ಅದನ್ನು ನೋಡಬಾರದು. ಕಣ್ಣು ಸೀದಾ ರಿಂಗ್ ಮೇಲೆ ಹೋಗಬೇಕು. ಚೆಂಡು ಅಲ್ಲಿಗೆ ತಾನಾಗೇ ಬರುತ್ತದೆ. ತಾಗಿತಾ ಇಲ್ಲವಾ ಅಷ್ಟೇ ನನಗೆ ಬೇಕಾದ್ದು. ಎಷ್ಟೋ ಚಂದದ ಎಸೆತಗಳನ್ನು ಆ ಇಡೀ ವರ್ಷ ನಾನು ನೋಡಲೇ ಇಲ್ಲ. ಪಕ್ಕದವರು ಓಹೋ ಅಂದಾಗ ಚಂದ ಇತ್ತೇನೋ ಅಂದುಕೊಳ್ಳುತ್ತಿದ್ದೆ.

ಎರಡನೆಯ ಪಾಠ ಹೇಳಿಕೊಟ್ಟವರು ನಮ್ಮ ಸ್ಕೋರರ್. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಹೆಂಗಸು, ಪೆನ್ಸಿಲಿನಲ್ಲಿ ಬರೆಯುವವರು. "ಪಂದ್ಯ ಮುಗಿದ ಮೇಲೆ ನಿನ್ನ ಮುಖ ಯಾರಿಗೂ ನೆನಪಿರಬಾರದು" ಅಂದಿದ್ದರು. ಮೇಜಿನವರು ಚಪ್ಪಾಳೆ ತಟ್ಟುವ ಹಾಗಿಲ್ಲ, ಛೆ ಅನ್ನುವ ಹಾಗಿಲ್ಲ. ಮುಖ ಗೋಡೆಯ ತರ ಇರಬೇಕು. ಇದು ನನಗೆ ತುಂಬಾ ಕಷ್ಟವಾಯಿತು. ಮಂಡ್ಯದವನಿಗೆ ಬಾಯಿ ಮುಚ್ಚಿಕೊಂಡು ಆಟ ನೋಡು ಅಂದರೆ ಹೇಗೆ?

ಆ ವರ್ಷವೇ ಒಂದು ಹೊಸ ನಿಯಮ ಬಂತು. ಹೊಸ ನಿಯಮಗಳನ್ನು ಎನ್‌ಬಿಎ ಮೊದಲು ಜಿ ಲೀಗ್‌ನಲ್ಲಿ ಹಾಕಿ ನೋಡುತ್ತದೆ. ಕೋಚ್‌ಗಳು ತೀರ್ಪನ್ನು ಪ್ರಶ್ನಿಸುವ ಅವಕಾಶವೂ ಹೀಗೇ ಇಲ್ಲಿ ಪಳಗಿ ಮೇಲೆ ಹೋದದ್ದು. 2019–20ರ ಹೊಸದು ಏನೆಂದರೆ, ಎದುರಾಳಿ ಫೌಲ್ ಮಾಡಿದ್ದಕ್ಕೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬರದ ಎಸೆತ) ಸಿಗುವ ಕಡೆ ಒಂದೇ ಎಸೆಯಬೇಕು, ಅದು ಬಿದ್ದರೆ ಎರಡು ಪಾಯಿಂಟ್. ಮೂರು ಸಿಗುವ ಕಡೆ ಒಂದಕ್ಕೇ ಮೂರು. ನಾಲ್ಕನೇ ಕ್ವಾರ್ಟರಿನ ಕೊನೆಯ ಎರಡು ನಿಮಿಷ ಮತ್ತು ಹೆಚ್ಚುವರಿ ಸಮಯದಲ್ಲಿ ಮಾತ್ರ ಹಳೆಯ ಪದ್ಧತಿ. ಪಂದ್ಯ ಬೇಗ ಮುಗಿಯಲಿ ಅಂತ ಇದು.

ನೋಡುವವರಿಗೆ ಒಳ್ಳೆಯದೇ. ನಮಗೆ? ಮೊದಲೆಲ್ಲ ಮೊದಲನೇ ಫ್ರೀ ಥ್ರೋ ಅಂದರೆ ಮೇಜಿನವರಿಗೆ ಉಸಿರು ಬಿಡುವ ಹೊತ್ತು. ಬಿದ್ದರೂ ಬೀಳದಿದ್ದರೂ ಚೆಂಡು ರೆಫ್ರಿ ಕೈಗೇ ವಾಪಸ್ ಬರುತ್ತದೆ. ನೀರು ಕುಡಿಯಬಹುದು, ಬೆರಳು ಮಡಿಚಬಹುದು. ಈಗ ಮೊದಲನೆಯದೇ ಕೊನೆಯದು. ತಪ್ಪಿದರೆ ಅಲ್ಲೇ ರೀಬೌಂಡಿಗೆ, ಅಂದರೆ ಪುಟಿದು ಬಂದ ಚೆಂಡಿಗೆ, ಗುದ್ದಾಟ, 24 ಒತ್ತಬೇಕೋ 14 ಒತ್ತಬೇಕೋ ಅಲ್ಲೇ ನಿರ್ಧಾರ. ಸ್ಕೋರ್‌ಬೋರ್ಡ್ ಒತ್ತುವವನಂತೂ ಮೊದಮೊದಲು ಅಭ್ಯಾಸಬಲದಿಂದ ಒಂದು ಪಾಯಿಂಟ್ ಹಾಕಿ ಸುಮ್ಮನಾಗುತ್ತಿದ್ದ, ಜನ ಕೂಗುತ್ತಿದ್ದರು. ಕೊನೆಯ ಎರಡು ನಿಮಿಷಕ್ಕೆ ಹಳೆಯ ನಿಯಮ ಬಂದಾಗ ಉಲ್ಟಾ, ಒಂದಕ್ಕೆ ಎರಡು ಹಾಕುತ್ತಿದ್ದ. ನಾನು ನೋಟ್‌ಪುಸ್ತಕದ ರಟ್ಟಿನ ಮೇಲೆ ದಪ್ಪಗೆ "2:00 ಹಳೇದು" ಅಂತ ಬರೆದು ಅವನ ಕಡೆ ತಿರುಗಿಸಿಟ್ಟೆ. ಕನ್ನಡ ಬರದಿದ್ದರೂ ಅವನಿಗೆ ಅದು ಅರ್ಥವಾಗುತ್ತಿತ್ತು. ಈ ನಿಯಮ ನನಗೆ ಇವತ್ತಿಗೂ ಇಷ್ಟವಿಲ್ಲ. ಎರಡನೇ ಫ್ರೀ ಥ್ರೋ ಎಸೆಯುವಾಗ ಆಟಗಾರನ ಮುಖದಲ್ಲಿ ಒಂದು ಬದಲಾವಣೆ ಬರುತ್ತದೆ, ಮೊದಲನೆಯದು ತಪ್ಪಿದ್ದರಂತೂ ಹೇಳುವುದೇ ಬೇಡ. ಅದು ಹೋಯಿತು.

ಈಗ ನನ್ನ ತಪ್ಪು. ಡಿಸೆಂಬರಿನ ಒಂದು ಪಂದ್ಯ, ಮೂರನೇ ಕ್ವಾರ್ಟರ್. ಎದುರಾಳಿ ಹುಡುಗ ಮೂಲೆಯಿಂದ ಎಸೆದ. ಚೆಂಡು ರಿಂಗಿನ ಕೆಳಗೆ ಬಲೆಗೆ ಮಾತ್ರ ತಾಗಿತು. ಬಲೆ ಅಲುಗಿತು. ನನ್ನ ಹೆಬ್ಬೆರಳು 14 ಒತ್ತಿಬಿಟ್ಟಿತು. ಅದೇ ತಂಡದ ಇನ್ನೊಬ್ಬ ಚೆಂಡು ಹಿಡಿದು ಹೊರಗೆ ಕೊಟ್ಟ. ನಮ್ಮ ಕೋಚ್‌ಗಳ ಬೆಂಚಿಗೆ ಬೆಂಚೇ ಎದ್ದು ನಿಂತಿತು. ಸೀಟಿ ಬಿತ್ತು. ರೆಫ್ರಿ ಸೀದಾ ನನ್ನ ಕಡೆ ನಡೆದು ಬಂದರು. 2,500 ಜನ ನನ್ನ ಮುಖ ನೋಡಿದರು. ಸ್ಕೋರರಮ್ಮ ಪೆನ್ಸಿಲ್ ಮುಖ ಮಾತ್ರ ನೋಡುತ್ತಿದ್ದರು.

"ಒತ್ತಿದಾಗ ಎಷ್ಟಿತ್ತು?" ಅಂತ ರೆಫ್ರಿ ಕೇಳಿದರು.

ಬೋರ್ಡಿನಲ್ಲಿ ಈಗ ಹನ್ನೊಂದೋ ಹನ್ನೆರಡೋ ಇದೆ. ಹಳೆಯ ಸಂಖ್ಯೆ ಅಳಿಸಿಹೋಗಿದೆ. ಆದರೆ ನನ್ನ ಬಾಯಿ ಅಷ್ಟು ಹೊತ್ತೂ ತನ್ನಷ್ಟಕ್ಕೆ ಗೊಣಗುತ್ತಿತ್ತಲ್ಲ: ಎಂಟು, ಏಳು, ಆರು. ಆರರ ಮೇಲೆ ಹೆಬ್ಬೆರಳು ಬಿದ್ದಿತ್ತು. "ಆರು" ಅಂದೆ, ಕನ್ನಡದಲ್ಲೇ. ಅವರು ಹುಬ್ಬು ಗಂಟಿಕ್ಕಿದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಪಕ್ಕದಲ್ಲಿ ಪಂದ್ಯದ ಗಡಿಯಾರ ನೋಡಿಕೊಳ್ಳುತ್ತಿದ್ದವನು ಹೂಂ ಅಂದ. ಹೋದ ಸೆಕೆಂಡುಗಳನ್ನು ಕಳೆದು, ಸರಿಪಡಿಸಿ, ಆಟ ಮುಂದುವರಿಯಿತು. ಅವತ್ತಿಂದ ಬಲೆ ಅಲುಗಿದರೆ ಹೆಬ್ಬೆರಳನ್ನು ಗುಂಡಿಯಿಂದ ಎತ್ತಿಬಿಡುವ ಅಭ್ಯಾಸ ಮಾಡಿಕೊಂಡೆ. ಬಲೆ ಸುಳ್ಳು ಹೇಳುತ್ತದೆ, ರಿಂಗ್ ಹೇಳುವುದಿಲ್ಲ.

ಆಟಗಾರರ ಬಗ್ಗೆ ಹೇಳಬೇಕು. ಈ ಲೀಗ್‌ನ ವಿಚಿತ್ರ ಏನೆಂದರೆ, ಚೆನ್ನಾಗಿ ಆಡಿದವನು ತಂಡಕ್ಕೆ ಉಳಿಯುವುದಿಲ್ಲ. ಬೆಳಿಗ್ಗೆ ಫೋನ್ ಬಂದರೆ ಮೇಲಿನ ತಂಡಕ್ಕೆ ಹೋದ. ರಾತ್ರಿ ನಾವು ಹೆಸರು ಪಟ್ಟಿಯಲ್ಲಿ ಗೆರೆ ಎಳೆಯುತ್ತೇವೆ. ಆ ವರ್ಷ ಇದು ಇನ್ನೂ ಜಾಸ್ತಿ. ಐದು ವರ್ಷ ಸತತವಾಗಿ ಫೈನಲ್ ಆಡಿದ್ದ ಗೋಲ್ಡನ್ ಸ್ಟೇಟ್ ಕುಸಿದುಬಿದ್ದಿತ್ತು. ತಂಡದ ತಾರೆಗಳಲ್ಲಿ ಕೆವಿನ್ ಡ್ಯುರಾಂಟ್ ಬ್ರೂಕ್ಲಿನ್ ತಂಡಕ್ಕೆ ಹೋಗಿದ್ದರು, ಕ್ಲೇ ಥಾಂಪ್ಸನ್ ಮಂಡಿ ಹೋಗಿತ್ತು, ಅಕ್ಟೋಬರ್ ಕೊನೆಯಲ್ಲಿ ಸ್ಟೆಫ್ ಕರಿಯ ಕೈ ಮುರಿಯಿತು. ಅವರು 65 ಪಂದ್ಯದಲ್ಲಿ ಗೆದ್ದದ್ದು 15. ಮೇಲಿನ ಮನೆಯಲ್ಲಿ ಕಷ್ಟ ಅಂದರೆ ಕೆಳಗಿನ ಮನೆಯ ಹುಡುಗರಿಗೆ ಬಾಗಿಲು ತೆರೆಯಿತು ಅಂತಲೇ ಅರ್ಥ.

ಹುವಾನ್ ಟೊಸ್ಕಾನೊ-ಆಂಡರ್ಸನ್ ಅಂತ ಒಬ್ಬರು. ಪಕ್ಕದ ಓಕ್‌ಲ್ಯಾಂಡಿನವರೇ. ಮೆಕ್ಸಿಕೊ ಲೀಗ್‌ನಲ್ಲಿ ಆಡಿ ಬಂದು, 2018ರಲ್ಲಿ ಟ್ರೈಔಟ್ ಕೊಟ್ಟು ಸಾಂತಾ ಕ್ರೂಜ್ ತಂಡ ಸೇರಿದವರು. ಪಾಯಿಂಟಿಗಿಂತ ಜಾಸ್ತಿ ನೆಲಕ್ಕೆ ಬಿದ್ದು ಚೆಂಡು ಹಿಡಿಯುವುದರಲ್ಲಿ ಅವರ ಆಟ ಇತ್ತು. ಎರಡು ಸಲ ನಮ್ಮ ಮೇಜಿಗೇ ಬಂದು ಗುದ್ದಿದರು. ಎರಡನೇ ಸಲ ನನ್ನ ನೀರಿನ ಬಾಟಲಿ ಎತ್ತಿಕೊಟ್ಟು ಹೋದರು. 2020ರ ಫೆಬ್ರವರಿಯಲ್ಲಿ ಗೋಲ್ಡನ್ ಸ್ಟೇಟ್ ಆಟಗಾರರನ್ನು ಅದಲುಬದಲು ಮಾಡಿ ಜಾಗ ಖಾಲಿ ಮಾಡಿಕೊಂಡಾಗ ಇವರನ್ನು ಮೇಲಕ್ಕೆ ಕರೆಸಿಕೊಂಡಿತು. ಎರಡು ವರ್ಷದ ನಂತರ, 2022ರಲ್ಲಿ, ಚಾಂಪಿಯನ್ ತಂಡದಲ್ಲಿ ಇದ್ದರು.

ಅದೇ ಫೆಬ್ರವರಿಯಲ್ಲಿ ನಮ್ಮ ತಂಡದ ಜೆರೆಮಿ ಪಾರ್ಗೊಗೂ ಗೋಲ್ಡನ್ ಸ್ಟೇಟ್‌ನಿಂದ ಹತ್ತು ದಿನದ ಕಾಂಟ್ರ್ಯಾಕ್ಟ್ ಸಿಕ್ಕಿತು. ಅವರಿಗೆ 33 ವರ್ಷ. ಎನ್‌ಬಿಎ ಆಡಿ ಏಳು ವರ್ಷವಾಗಿತ್ತು. ಸುದ್ದಿ ಬಂದ ದಿನ ಸ್ಕೋರರಮ್ಮ ಪೆನ್ಸಿಲ್ ಕೆಳಗಿಟ್ಟು, ಮೆಲ್ಲಗೆ, ಯಾರಿಗೂ ಕಾಣದ ಹಾಗೆ ಮೇಜಿನ ಕೆಳಗೆ ಚಪ್ಪಾಳೆ ತಟ್ಟಿದರು. ನಿಯಮ ಮುರಿದದ್ದು ಅದೊಂದೇ ಸಲ.

ಹೋಗದೇ ಉಳಿದವರೇ ಹೆಚ್ಚು ಅನ್ನುವುದನ್ನೂ ಹೇಳಬೇಕಲ್ವಾ. ಎದುರಾಳಿ ತಂಡಗಳು ದೂರದಿಂದ ಮಾಮೂಲಿ ವಿಮಾನದಲ್ಲಿ, ನಮ್ಮ ನಿಮ್ಮ ಹಾಗೇ ಎಕಾನಮಿ ಸೀಟಿನಲ್ಲಿ ಮಂಡಿ ಮಡಿಚಿಕೊಂಡು ಬರುತ್ತವೆ. ಏಳಡಿ ಮನುಷ್ಯ ವಾರ್ಮ್ ಅಪ್ ಮಾಡುವಾಗ ಸೊಂಟ ಹಿಡಿದುಕೊಂಡು ನಿಂತಿರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪಂದ್ಯ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಮಕ್ಕಳಿಗೆ ಸಹಿ ಹಾಕಿ, ಮೊಬೈಲ್ ತೆಗೆದು ನೋಡುತ್ತಾರೆ. ಯಾರ ಫೋನಿಗಾಗಿ ಅಂತ ಎಲ್ಲರಿಗೂ ಗೊತ್ತು.

ಮಾರ್ಚ್ ಮೊದಲ ವಾರ ಊರಲ್ಲಿ ಒಂದೇ ಮಾತು. ಕೈ ವಾಸಿಯಾದ ಸ್ಟೆಫ್ ಕರಿಯನ್ನು ಸಾಂತಾ ಕ್ರೂಜ್ ತಂಡಕ್ಕೆ ಹಾಕಿದ್ದಾರೆ! ಆಫೀಸಿನಲ್ಲಿ ಕನ್ನಡದ ಗೆಳೆಯರು ಟಿಕೆಟ್ ಕೇಳಲು ಶುರು ಮಾಡಿದರು. "ಮೇಜಿನ ಕೆಳಗಾದ್ರೂ ಕೂರಿಸೋ ಮಾರಾಯ" ಅಂದ ಶಿವಮೊಗ್ಗದವನೊಬ್ಬ. ಆದರೆ ಅದು ಒಂದು ದಿನದ ಪ್ರಾಕ್ಟೀಸಿಗೆ ಮಾತ್ರ. ಅವತ್ತೇ ವಾಪಸ್ ಕರೆಸಿಕೊಂಡರು. ಶಿವಮೊಗ್ಗದವನು ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಮುಂದಿನ ವಾರ, ಮಾರ್ಚ್ 11ರ ರಾತ್ರಿ, ಎನ್‌ಬಿಎ ಆಟಗಾರನೊಬ್ಬನಿಗೆ ಕೋವಿಡ್ ಅಂತ ಗೊತ್ತಾಗಿ ಆ ಲೀಗ್ ನಿಂತಿತು. ಮರುದಿನ ನಮ್ಮದೂ ನಿಂತಿತು. ತಿಂಗಳ ಕೊನೆಯವರೆಗಿನ ಡ್ಯೂಟಿ ಪಟ್ಟಿ ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದೆ. ಹಾಗೇ ಇತ್ತು. ಜೂನ್ 4ರಂದು ಸೀಸನ್ ರದ್ದು ಅಂತ ಘೋಷಿಸಿದ ಮೇಲೆ ಹೆಂಡತಿ ಅದರ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆದಳು.

ಮುಂದಿನ ಸೀಸನ್ ನಡೆದದ್ದು 2021ರ ಫೆಬ್ರವರಿಯಲ್ಲಿ, ಫ್ಲೋರಿಡಾದ ಡಿಸ್ನಿ ಜಾಗದಲ್ಲಿ, ಆಡಲು ಬಂದ 18 ತಂಡಗಳೂ ಒಂದೇ ಕಡೆ. ಸಾಂತಾ ಕ್ರೂಜ್ ಮೇಜಿಗೆ ಕೆಲಸ ಇರಲಿಲ್ಲ. ಮೊದಲ ದಿನವೇ ನಮ್ಮ ತಂಡದ ಪಂದ್ಯ, ಇಗ್ನೈಟ್ ಅನ್ನುವ ಹೊಸ ತಂಡದ ಎದುರು. ನಮ್ಮ ಕಡೆ ಎನ್‌ಬಿಎಯಲ್ಲಿ ಹೆಸರು ಮಾಡಿದ್ದ ಜೆರೆಮಿ ಲಿನ್. ಆ ಕಡೆ ಪಟ್ಟಿಯಲ್ಲಿ ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಹೆಸರಿತ್ತು. ಭಾರತದ ಹುಡುಗ ಅಂತ ಮಗನನ್ನೂ ಕರೆದು ಟಿವಿ ಮುಂದೆ ಕೂರಿಸಿದೆ. ಜನರಿಲ್ಲದ ಕೋರ್ಟ್, ಶೂ ಕಿರುಗುಟ್ಟುವುದೆಲ್ಲ ಕೇಳುತ್ತಿತ್ತು. ಒಂದು ಎಸೆತ ರಿಂಗ್‌ಗೆ ತಾಗದೆ ಬಲೆಯನ್ನಷ್ಟೇ ಸವರಿಕೊಂಡು ಹೋಯಿತು. ಬಲೆ ಅಲುಗಿತು.

"ಅಪ್ಪಾ, ಯಾಕೆ ಹೆಬ್ಬೆರಳು ಎತ್ತಿದೆ?" ಅಂತ ಮಗ ಕೇಳಿದ.

ಟಿವಿಯಲ್ಲಿ ಕೆಂಪು ಅಂಕಿ ಇಳಿಯುತ್ತಲೇ ಇತ್ತು. ಐದು, ನಾಲ್ಕು. ಯಾರೋ ಗೊತ್ತಿಲ್ಲ, ಒಳ್ಳೆ ಆಪರೇಟರ್ ಅಂದೆ.