ತಿಂಗಳಿಗೊಂದು ಇಂಜೆಕ್ಷನ್, ನಾನು ಹಾಕದೇ ಬಿಟ್ಟ ಒಂದು ಲೆಕ್ಕ

2010ರ ಜೂನ್‌ನಲ್ಲಿ ಆಫಿಮ್ಯಾಕ್ಸ್ ಷೇರು ಒಂದೇ ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಿದ್ದುಹೋಯಿತು. ನಾನು ಕೊಂಡಿದ್ದು ಅದಾದ ಮೇಲೆ. ಬಿದ್ದ ಷೇರು ಕಂಡರೆ ಕೈ ತುರಿಸುವುದು ನನ್ನ ಹಳೇ ಅಭ್ಯಾಸ. ನಾನು ಅದನ್ನು ಜಾಣತನ ಅಂದುಕೊಂಡಿದ್ದೆ, ಹೆಂಡತಿ ಚಟ ಅನ್ನುತ್ತಿದ್ದಳು.

ಕಂಪನಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದ್ದು. ನಂಬಿಕೊಂಡಿದ್ದು ಒಂದೇ ಔಷಧವನ್ನು: ಪೆಜಿನೆಸಟೈಡ್. ಕಿಡ್ನಿ ಕೆಟ್ಟವರಿಗೆ ರಕ್ತಹೀನತೆ ಬರುತ್ತದೆ. ಕೆಂಪು ಕಣ ತಯಾರಿಸು ಅಂತ ಎಲುಬಿನ ಮಜ್ಜೆಗೆ ಹೇಳುವ ಎರಿಥ್ರೋಪೊಯೆಟಿನ್ ಬರುವುದು ಬಹುಪಾಲು ಕಿಡ್ನಿಯಿಂದಲೇ. ಅದಕ್ಕೆ ಆಮ್ಜೆನ್ ಕಂಪನಿ 1989ರಲ್ಲೇ ಎಪೋಜೆನ್ ಇಂಜೆಕ್ಷನ್ ತಂದಿತ್ತು, ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ. 2001ರಲ್ಲಿ ಬಂದ ಅದರದೇ ಅರಾನೆಸ್ಪ್ ವಾರಕ್ಕೋ ಎರಡು ವಾರಕ್ಕೋ ಒಂದು ಸಲ. ಪೆಜಿನೆಸಟೈಡ್ ತಿಂಗಳಿಗೆ ಒಂದೇ. ಷೇರು ಬಿದ್ದಿದ್ದು ಯಾಕೆಂದರೆ, ಅದರ ಪ್ರಯೋಗಗಳಲ್ಲಿ ಇನ್ನೂ ಡಯಾಲಿಸಿಸ್ ಶುರುವಾಗದ ರೋಗಿಗಳಲ್ಲಿ ಹೃದಯದ ತೊಂದರೆಗಳು ಅರಾನೆಸ್ಪ್‌ಗಿಂತ ಜಾಸ್ತಿ ಕಂಡವು. ಡಯಾಲಿಸಿಸ್‌ನವರಲ್ಲಿ ಹಾಗಾಗಿರಲಿಲ್ಲ. ಅರ್ಧ ಮಾರುಕಟ್ಟೆ ಸಿಕ್ಕರೂ ಸಾಕು, ಈ ಬೆಲೆಗೆ ಮೋಸವಿಲ್ಲ ಅನ್ನುವುದು ನನ್ನ ಲೆಕ್ಕ.

ತಿಂಗಳಿಗೆ ಒಂದೇ ಚುಚ್ಚು, ರೋಗಿಗೆ ಎಷ್ಟು ಆರಾಮ! ಪರಿಚಯದ ಡಯಾಲಿಸಿಸ್ ನರ್ಸ್ ಒಬ್ಬರ ಹತ್ತಿರ ಇದನ್ನೇ ಉತ್ಸಾಹದಿಂದ ಹೇಳಿದೆ. ಅವರು ನಕ್ಕರು.

"ಚುಚ್ಚೋದೆಲ್ಲಿ ಬಂತು? ಅವರು ಹೇಗೂ ವಾರಕ್ಕೆ ಮೂರು ದಿನ ನಮ್ಮ ಕುರ್ಚೀಲೇ ಇರ್ತಾರೆ. ಮೆಷಿನ್ ಟ್ಯೂಬಿಗೇ ಹಾಕಿಬಿಡ್ತೀವಿ. ಅವರಿಗೆ ಗೊತ್ತೂ ಆಗಲ್ಲ."

"ಹಾಗಾದ್ರೆ ತಿಂಗಳಿಗೊಂದು ಅಂದ್ರೆ ಯಾರಿಗೆ ಲಾಭ?"

"ನಮಗೇ. ಸಿರಿಂಜ್ ತುಂಬೋದು, ಬರೆದಿಡೋದು ಕಮ್ಮಿ ಆಗತ್ತೆ. ಆದ್ರೆ ಔಷಧ ಕೊಳ್ಳೋರು ನಾವಲ್ವಲ್ಲ!"

ಅವತ್ತು ರಾತ್ರಿ ನನ್ನ ಟಿಪ್ಪಣಿಯನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆದೆ. ಕೊಳ್ಳುವವರು ಯಾರು? ಅಮೆರಿಕದಲ್ಲಿ ಡಯಾಲಿಸಿಸ್ ರೋಗಿಗಳಲ್ಲಿ ಹೆಚ್ಚಿನವರು ಎರಡೇ ಕಂಪನಿಗಳ ಕೇಂದ್ರಗಳಿಗೆ ಹೋಗುತ್ತಾರೆ, ಫ್ರೆಸೀನಿಯಸ್ ಮತ್ತು ಡಾವಿಟಾ. ಮೊದಲು ಈ ಇಂಜೆಕ್ಷನ್‌ಗಳಿಗೆ ಮೆಡಿಕೇರ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಬೇರೆಯಾಗಿ ದುಡ್ಡು ಕೊಡುತ್ತಿತ್ತು. ಹಾಗಾಗಿ ಜಾಸ್ತಿ ಔಷಧ ಹಾಕಿದಷ್ಟೂ ಕೇಂದ್ರಕ್ಕೆ ಆದಾಯ. 2011ರ ಜನವರಿಯಿಂದ ಔಷಧವೂ ಸೇರಿ ಡಯಾಲಿಸಿಸ್‌ಗೆ ಒಟ್ಟಾಗಿ ಒಂದೇ ಮೊತ್ತ. ಆದಾಯವಾಗಿದ್ದ ಔಷಧ ರಾತ್ರೋರಾತ್ರಿ ಖರ್ಚಾಗಿಬಿಟ್ಟಿತು. ಅಗ್ಗದ ಔಷಧ, ಕಮ್ಮಿ ಕೆಲಸ ಹುಡುಕುವ ಗಿರಾಕಿಗೆ ತಿಂಗಳಿಗೊಂದು ಡೋಸ್ ಒಳ್ಳೆಯ ಸುದ್ದಿ ಅಲ್ವಾ? ಮೊದಲು ಪೂರ್ತಿ ತಪ್ಪು ಕಾರಣಕ್ಕೆ ಕೊಂಡಿದ್ದೆ, ಈಗ ಸ್ವಲ್ಪ ಸರಿಯಾದ ಕಾರಣ ಸಿಕ್ಕಿತು. ಇನ್ನಷ್ಟು ಕೊಂಡೆ.

2011ರ ನವೆಂಬರ್‌ನಲ್ಲಿ ಆಮ್ಜೆನ್ ಡಾವಿಟಾ ಜೊತೆ ಏಳು ವರ್ಷದ ಒಪ್ಪಂದ ಮಾಡಿಕೊಂಡಿತು. ಬೇಕಾದ ಈ ಬಗೆಯ ಔಷಧದಲ್ಲಿ ಕನಿಷ್ಠ 90% ತನ್ನಿಂದಲೇ ಕೊಳ್ಳಬೇಕು ಅಂತ. ಒಂದು ಬಾಗಿಲು ಮುಚ್ಚಿತು. ನಾನು ಫ್ರೆಸೀನಿಯಸ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಯ ಸಲಹಾ ಸಮಿತಿ 15-1 ಮತದಿಂದ ಒಪ್ಪಿತು. 2012ರ ಮಾರ್ಚ್ 27ಕ್ಕೆ ಅನುಮತಿ ಬಂತು, ಡಯಾಲಿಸಿಸ್‌ನವರಿಗೆ ಮಾತ್ರ. ಒಮೋಂಟಿಸ್ ಅನ್ನುವ ಹೆಸರಲ್ಲಿ ಮಾರಾಟ ಶುರುವಾಯಿತು, ಫ್ರೆಸೀನಿಯಸ್ ಒಂದಷ್ಟು ಕೇಂದ್ರಗಳಲ್ಲಿ ಬಳಸಿ ನೋಡತೊಡಗಿತು.

ಆ ವರ್ಷದ ಕೊನೆಯ ಹೊತ್ತಿಗೆ ನನ್ನ ದುಡ್ಡು ದುಪ್ಪಟ್ಟು ದಾಟಿತ್ತು. ಅರ್ಧ ಮಾರಿದೆ. ಶಿಸ್ತಿನ ಹೂಡಿಕೆದಾರ ಅಂತ ಹೇಳಿಕೊಳ್ಳಬಹುದಿತ್ತು, ಆದರೆ ನಿಜವಾದ ಕಾರಣ ಮನೆಯ ಸೋರುವ ಛಾವಣಿ.

2013ರ ಫೆಬ್ರವರಿ 23, ಶನಿವಾರ. ಮಾರುಕಟ್ಟೆಗೆ ಬಿಟ್ಟ ಅಷ್ಟೂ ಔಷಧವನ್ನು ವಾಪಸ್ ತರಿಸಿಕೊಳ್ಳುತ್ತಿದ್ದಾರೆ ಅನ್ನುವ ಪ್ರಕಟಣೆ. ಕೆಲವರಿಗೆ ಮೊದಲ ಡೋಸ್ ಆಗಿ ಅರ್ಧ ಗಂಟೆಯೊಳಗೆ ತೀವ್ರ ಅಲರ್ಜಿ, ಅದರಲ್ಲಿ ಕೆಲವು ಸಾವು. ಅಷ್ಟರಲ್ಲಿ 25,000ಕ್ಕಿಂತ ಹೆಚ್ಚು ಜನ ಔಷಧ ತಗೊಂಡಿದ್ದರು. ಸಾವಿನ ಪ್ರಮಾಣ ಸುಮಾರು 0.02%, ಅಂದರೆ 5,000ಕ್ಕೆ ಒಂದು. ಶನಿವಾರ ಷೇರು ಮಾರಕ್ಕಾಗಲ್ಲ. ಎರಡು ದಿನ ಸುಮ್ನೆ ಪರದೆ ನೋಡುತ್ತಾ ಕೂತೆ. ಸೋಮವಾರ 85% ಬಿತ್ತು.

ನನ್ನ ತಪ್ಪು ಎಲ್ಲಿ ಅಂತ ಹುಡುಕಿದ್ದು ಆ ಎರಡು ದಿನಗಳಲ್ಲೇ. ನಾನು ಮಾರಾಟ, ಪೇಟೆಂಟು, ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಬರುತ್ತದೆ ಅಂತೆಲ್ಲ ಲೆಕ್ಕ ಹಾಕಿದ್ದೆ. ಎಷ್ಟು ಜನರ ಮೇಲೆ ಪರೀಕ್ಷೆ ಆಗಿದೆ ಅನ್ನುವುದನ್ನು ಓದಿದ್ದೆ, ಅದರ ಅರ್ಥ ಏನು ಅಂತ ಯೋಚಿಸಿರಲಿಲ್ಲ. ಮೂರನೇ ಹಂತದ ಪ್ರಯೋಗಗಳಲ್ಲಿ ಪೆಜಿನೆಸಟೈಡ್ ತಗೊಂಡವರು ಸುಮಾರು 1,700 ಜನ. ಅಂಕಿಅಂಶದವರ ಒಂದು ಸುಲಭ ಸೂತ್ರವಿದೆ: ಒಬ್ಬರಿಗೂ ಒಂದು ತೊಂದರೆ ಕಾಣದಿದ್ದರೆ, 3ನ್ನು ಜನಸಂಖ್ಯೆಯಿಂದ ಭಾಗಿಸು. ಅಷ್ಟು ಪ್ರಮಾಣದಲ್ಲಿ ಆ ತೊಂದರೆ ಅಡಗಿದ್ದರೂ ಅಡಗಿರಬಹುದು. 3ನ್ನು 1,700ರಿಂದ ಭಾಗಿಸಿದರೆ ಸುಮಾರು 570ಕ್ಕೆ ಒಂದು. 5,000ಕ್ಕೆ ಒಂದು ಸಾವು ಆ ಜರಡಿಯಲ್ಲಿ ಸಿಗದೇ ಹೋಗುವುದೇ ಹೆಚ್ಚು. ಸಾಲದ್ದಕ್ಕೆ ಪ್ರಯೋಗದಲ್ಲಿ ಒಂದೊಂದೇ ಡೋಸಿನ ಬಾಟಲಿ ಇತ್ತು. ಮಾರುಕಟ್ಟೆಯಲ್ಲಿ ಹೆಚ್ಚು ಬಳಕೆಯಾಗಿದ್ದು ಕೆಡದಂತೆ ಫೀನಾಲ್ ಸೇರಿಸಿದ, ಹಲವು ಡೋಸಿನ ಬಾಟಲಿ. ಇನ್ನೊಂದು ವಿಷಯ, ತಿಂಗಳಿಡೀ ಮೈಯಲ್ಲಿ ಇರಲಿ ಅಂತ ಮಾಡಿದ ಔಷಧವನ್ನು ಒಮ್ಮೆ ಕೊಟ್ಟ ಮೇಲೆ ವಾಪಸ್ ತೆಗೆಯಕ್ಕಾಗಲ್ಲ. ಇದನ್ನು ನಾನು ಬರೀ ಗುಣ ಅಂತಲೇ ಬರೆದುಕೊಂಡಿದ್ದೆ.

ಉಳಿದ ಷೇರು ಮಾರಿದೆ. ಛಾವಣಿಯ ಪುಣ್ಯದಿಂದ ಅಸಲು ಉಳಿಯಿತು, ಲಾಭ ಹೋಯಿತು.

ಈಗ ಇಂಥ ಕಂಪನಿ ಬಂದರೆ ನೋಟ್‌ಬುಕ್ಕಿನ ಮೊದಲ ಸಾಲಲ್ಲೇ ಆ ಭಾಗಾಕಾರ ಮಾಡುತ್ತೇನೆ. ಎರಡನೆಯದು, ಪ್ರಯೋಗದ ಅಂಕಿಗಳನ್ನು ಮೊದಲೇ ಹೇಳಿದ ರೀತಿಯಲ್ಲೇ ಲೆಕ್ಕ ಹಾಕಿದ್ದಾರಾ ಅಂತ ನೋಡುವುದು. 2021ರ ಏಪ್ರಿಲ್‌ನಲ್ಲಿ ಫೈಬ್ರೋಜೆನ್ ಕಂಪನಿ ಇದೇ ರಕ್ತಹೀನತೆಗೆ ಮಾಡಿದ ತನ್ನ ರೊಕ್ಸಾಡುಸ್ಟಾಟ್ ಮಾತ್ರೆಯ ಹೃದಯ ಸುರಕ್ಷತೆಯ ಅಂಕಿಗಳಲ್ಲಿ ಆಮೇಲೆ ಬದಲಾಯಿಸಿದ ವಿಧಾನ ಸೇರಿತ್ತು ಅಂತ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ಎಫ್‌ಡಿಎ ಬೇಡ ಅಂದಿತು. ಅದರಲ್ಲಿ ನಾನು ದುಡ್ಡು ಹಾಕಿರಲಿಲ್ಲ.

2024ರ ಮಾರ್ಚ್‌ನಲ್ಲಿ ಅಕೀಬಿಯಾ ಕಂಪನಿಯ, ಅದೇ ಬಗೆಯ ವಾಡಾಡುಸ್ಟಾಟ್ ಮಾತ್ರೆಗೆ ಅನುಮತಿ ಸಿಕ್ಕಾಗ ಮತ್ತೆ ಕೈ ತುರಿಸಿತು. ಈ ಸಲ ಷೇರು ಕೊಳ್ಳುವ ಮೊದಲೇ ಅದೇ ನರ್ಸ್‌ಗೆ ಫೋನ್ ಮಾಡಿದೆ. ದಿನಾ ಒಂದು ಸಲ ಮಾತ್ರೆ, ಇಂಜೆಕ್ಷನ್ನೇ ಬೇಡ ಅಂದೆ.

"ಮಾತ್ರೆನಾ?" ಅಂದರು. "ಈಗ್ಲೇ ದಿನಕ್ಕೆ ಒಂದು ಹಿಡಿ ಮಾತ್ರೆ ನುಂಗ್ತಾರೆ ಪಾಪ. ಮನೇಲಿ ಇದನ್ನೂ ತಗೊಂಡ್ರೋ ಇಲ್ವೋ, ನಮಗೆ ಹೇಗ್ರೀ ಗೊತ್ತಾಗತ್ತೆ?"