ಮೊದಲು ಮೂಗು, ಆಮೇಲೆ ಕಣ್ಣು: ಮನೆಯ ಬೆಕ್ಕಿಗೆ ಹೊಸ ಬೆಕ್ಕನ್ನು ಒಗ್ಗಿಸುವುದು ಹೇಗೆ?

ಮಳೆಗಾಲ ಬಂದರೆ ಸಾಕು, ಬೀದಿಯ ಬೆಕ್ಕಿನ ಮರಿಗಳು ಮೆಟ್ಟಿಲ ಕೆಳಗೆ, ಕಾರಿನಡಿ ಮುದುಡಿಕೊಂಡು ಕೂರುತ್ತವೆ. ಕರುಳು ಚುರ್ ಅನ್ನುತ್ತದೆ, ಒಂದನ್ನು ಒಳಗೆ ತರುತ್ತೇವೆ. ಆದರೆ ಮನೆಯಲ್ಲಿ ಆಗಲೇ ಒಂದು ಬೆಕ್ಕಿದ್ದರೆ ಅದಕ್ಕೆ ಇದು ಸಣ್ಣ ವಿಷಯವಲ್ಲ. ತುಂಬ ಜನ ಹೊಸದನ್ನು ಬುಟ್ಟಿಯಿಂದ ತೆಗೆದು ಹಾಲ್ ನಡುವೆ ಬಿಟ್ಟು, ‘ಅವೇ ಹೊಂದಿಕೊಳ್ಳುತ್ತವೆ ಬಿಡಿ’ ಅನ್ನುತ್ತಾರೆ. ಹೀಗೆ ಮಾಡಬೇಡಿ. ಮೊದಲ ಭೇಟಿಯಲ್ಲೇ ಹೊಡೆದಾಡಿಕೊಂಡ ಬೆಕ್ಕುಗಳನ್ನು ಆಮೇಲೆ ಒಂದು ಮಾಡುವುದು ಬಹಳ ಕಷ್ಟ.

ಸಾಕುಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಮೀನು ಧಾರಾಳವಾಗಿ ಸಿಗುವ ಮಂಗಳೂರಿನ ಧಕ್ಕೆಯಂಥ ಜಾಗದಲ್ಲಿ ಬೆಕ್ಕುಗಳು ಗುಂಪಾಗಿಯೂ ಬದುಕುತ್ತವೆ, ನಿಜ. ಆದರೆ ಅಂಥ ಗುಂಪಿನಲ್ಲಿರುವುದು ಹೆಚ್ಚಾಗಿ ತಾಯಿ, ಮಗಳು, ಅಕ್ಕ, ತಂಗಿಯರೇ. ಹೊರಗಿನ ಬೆಕ್ಕು ಬಂದರೆ ಅವೂ ಸುಮ್ನೆ ಬಿಟ್ಟುಕೊಳ್ಳುವುದಿಲ್ಲ. ತಮ್ಮವರು ಯಾರು, ಹೊರಗಿನವರು ಯಾರು ಅಂತ ಅವು ಮುಖ್ಯವಾಗಿ ತಿಳಿಯುವುದು ವಾಸನೆಯಿಂದ. ನಿಮ್ಮ ಬೆಕ್ಕು ಸೋಫಾಗೆ, ಬಾಗಿಲಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದಲ್ವಾ? ಕೆನ್ನೆಯ ಗ್ರಂಥಿಗಳ ವಾಸನೆಯನ್ನು ಹಚ್ಚಿ ‘ಇದು ನನ್ನ ಜಾಗ’ ಅಂತ ಗುರುತು ಮಾಡಿಕೊಳ್ಳುತ್ತದೆ. ಹಾಗಾಗಿ ಪರಿಚಯ ಮೂಗಿನಿಂದಲೇ ಶುರುವಾಗಬೇಕು.

ಮೊದಲು ವೈದ್ಯರು

ಹೊಸ ಬೆಕ್ಕನ್ನು ನೇರ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಹತ್ತಿರದಲ್ಲಿ ಕ್ಲಿನಿಕ್ ಇಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆ ಇದೆ. ಚಿಗಟ, ಜಂತುಹುಳು, ಹುಳುಕಡ್ಡಿ ಇದೆಯೇ ನೋಡಿಸಿ. ಹುಳುಕಡ್ಡಿ ಮನುಷ್ಯರಿಗೂ ಅಂಟುತ್ತದೆ. ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ಮತ್ತು ಬೆಕ್ಕಿನ ಲ್ಯುಕೇಮಿಯಾ ವೈರಸ್‌ಗಳ ಪರೀಕ್ಷೆಯ ಬಗ್ಗೆಯೂ ಕೇಳಿ. ಎಲ್ಲಕ್ಕಿಂತ ಹೆದರಬೇಕಾದ್ದು ಪ್ಯಾನ್‌ಲ್ಯುಕೋಪೀನಿಯಾ. ವಾಂತಿ, ಭೇದಿಯಿಂದ ಮರಿಗಳನ್ನು ಬೇಗ ಕೊಲ್ಲುವ ಈ ರೋಗದ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ ಬದುಕಬಲ್ಲದು. ಹಳೇ ಬೆಕ್ಕಿನ ಲಸಿಕೆ ಬಾಕಿಯಿದ್ದರೆ ಹೊಸದು ಬರುವ ಮುಂಚೆಯೇ ಹಾಕಿಸಿ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮುಂದೂಡಬೇಡಿ. ಆಪರೇಷನ್ ಆಗದ ಎರಡು ಗಂಡುಗಳನ್ನು ಒಂದೇ ಮನೆಯಲ್ಲಿಟ್ಟು ಶಾಂತಿ ಬಯಸುವುದು ವ್ಯರ್ಥ. ಆಪರೇಷನ್ ಆದ ಮೇಲೂ ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು.

ಒಂದು ಕೋಣೆ, ಮುಚ್ಚಿದ ಬಾಗಿಲು

ಹೊಸ ಬೆಕ್ಕಿಗೆ ಬಾಗಿಲಿರುವ ಒಂದು ಕೋಣೆ ಕೊಡಿ. ಹಳೇ ಬೆಕ್ಕು ಮಲಗುವ ಕೋಣೆ ಬೇಡ. ಅಲ್ಲಿ ನೀರು, ಊಟ, ಲಿಟರ್ ಟ್ರೇ (ಮಲಮೂತ್ರಕ್ಕೆ ಮರಳಿನಂಥ ಪುಡಿ ತುಂಬಿದ ತಟ್ಟೆ), ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ, ಪರಚಲು ಗೋಣಿಚೀಲ ಸುತ್ತಿದ ಹಲಗೆ ಇರಲಿ. ರೋಗ ಹರಡದ ಹಾಗೆ ಎರಡು ವಾರ ಇಲ್ಲೇ ಇರುವುದು ಒಳ್ಳೆಯದು. ಮುಟ್ಟಿದ ಮೇಲೆ ಕೈ ತೊಳೆದು ಹೊರಬನ್ನಿ.

ಈ ದಿನಗಳಲ್ಲಿ ಹಳೇ ಬೆಕ್ಕಿನ ದಿನಚರಿ ಒಂಚೂರೂ ಬದಲಾಗಬಾರದು. ಅದೇ ಹೊತ್ತಿಗೆ ಊಟ, ಅದೇ ಕಿಟಕಿ, ಅದೇ ಮಡಿಲು. ಮರಿಯ ಮುದ್ದಿನಲ್ಲಿ ಮುಳುಗಿ ಹಳೆಯದನ್ನು ಮರೆತುಬಿಡುವುದು ತುಂಬ ಮನೆಗಳಲ್ಲಿ ಕಾಣುತ್ತದೆ. ಅದು ಅನ್ಯಾಯ.

ವಾಸನೆ ಬದಲಾಯಿಸುವ ಕೆಲಸ

ವೈದ್ಯರು ಹೊಸದು ಆರೋಗ್ಯವಾಗಿದೆ ಅಂದ ಮೇಲೆ ಇದನ್ನು ಶುರುಮಾಡಿ. ನನ್ನ ಮಟ್ಟಿಗೆ ಇಡೀ ವಿಧಾನದ ಜೀವ ಇರುವುದು ಇಲ್ಲೇ. ಒಗೆದ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಹೊಸ ಬೆಕ್ಕಿನ ಕೆನ್ನೆ, ಗಲ್ಲ ಸವರಿ. ಅದನ್ನು ಹಳೇ ಬೆಕ್ಕು ಓಡಾಡುವ ಕಡೆ ನೆಲದ ಮೇಲಿಟ್ಟು, ಪಕ್ಕದಲ್ಲೇ ಒಂದು ತುಂಡು ಬೇಯಿಸಿದ ಕೋಳಿ ಇಡಿ. ಮೂಗಿನ ಹತ್ತಿರ ಹಿಡಿಯಬೇಡಿ, ತಾನಾಗೇ ಬಂದು ಮೂಸಲಿ. ಹಳೆಯದರ ವಾಸನೆಯ ಬಟ್ಟೆ ಹೊಸದರ ಕೋಣೆಗೆ ಹೋಗಲಿ. ಬುಸುಗುಟ್ಟಿದರೆ ಗದರಬೇಡಿ, ಬಟ್ಟೆಯನ್ನು ದೂರ ಸರಿಸಿ, ನಾಳೆ ಮತ್ತೆ ಇಡಿ. ಮೂಸಿ, ಏನೂ ಆಗದವರಂತೆ ಹೊರಟುಹೋದರೆ ಮುಂದಿನ ಹೆಜ್ಜೆಗೆ ಅಡ್ಡಿಯಿಲ್ಲ.

ಆಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಜಾಗ ಅದಲುಬದಲು ಮಾಡಿ. ಹಳೆಯದು ಆ ಕೋಣೆ ನೋಡಲಿ, ಹೊಸದು ಮನೆ ಸುತ್ತಲಿ. ಎದುರಾಬದುರಾ ಆಗುವುದು ಬೇಡ.

ಬಾಗಿಲ ಆಚೆ, ಈಚೆ ಊಟ

ಎರಡರ ತಟ್ಟೆಗಳನ್ನೂ ಮುಚ್ಚಿದ ಬಾಗಿಲಿನ ಎರಡೂ ಕಡೆ, ದೂರದಲ್ಲಿಡಿ. ನೆಮ್ಮದಿಯಾಗಿ ತಿಂದರೆ ಪ್ರತಿ ಊಟಕ್ಕೂ ಸ್ವಲ್ಪ ಹತ್ತಿರ ತನ್ನಿ. ಊಟ ಬಿಟ್ಟು ಬಾಗಿಲನ್ನೇ ದಿಟ್ಟಿಸಿದರೆ ಅವಸರ ಮಾಡಿದ್ದೀರಿ ಅಂತ ಅರ್ಥ. ಹಿಂದಿನ ಜಾಗಕ್ಕೇ ತಟ್ಟೆ ಸರಿಸಿ.

ನೋಡುವ ಹಂತಕ್ಕೆ ನಮ್ಮ ಮನೆಗಳ ಸೊಳ್ಳೆ ಜಾಲರಿ ಬಾಗಿಲು ಚೆನ್ನಾಗಿ ಒದಗುತ್ತದೆ. ಜಾಲರಿ ಪ್ಲಾಸ್ಟಿಕ್ಕಿನದಾಗಿದ್ದರೆ ಉಗುರಿಗೆ ಹರಿದುಹೋದೀತು, ಸ್ಟೀಲಿನದಾದರೆ ಚಿಂತೆಯಿಲ್ಲ. ಮೊದಲು ಅದಕ್ಕೊಂದು ಹಳೇ ಬೆಡ್‌ಶೀಟ್ ಇಳಿಬಿಟ್ಟು, ದಿನದಿನಕ್ಕೆ ಸ್ವಲ್ಪಸ್ವಲ್ಪ ಮೇಲೆತ್ತಿ. ಇಬ್ಬರಿಗೂ ಇಷ್ಟದ ತಿಂಡಿ ಸಿಗುವುದು ಈ ಹೊತ್ತಿನಲ್ಲಿ ಮಾತ್ರ ಎಂದಾಗಲಿ.

ಎದುರುಬದುರು

ಮೊದಲ ಭೇಟಿ ಕೆಲವೇ ನಿಮಿಷ ಸಾಕು. ಹೊಟ್ಟೆ ತುಂಬಿರಲಿ, ಆಡಿ ದಣಿದಿರಲಿ. ಮನೆಯವರಿಬ್ಬರು ಆಚೆ ಈಚೆ ಕೂತು, ಕೋಲಿಗೆ ದಾರ ಕಟ್ಟಿ ಒಂದೊಂದು ಬೆಕ್ಕನ್ನು ಆಡಿಸಿ. ಯಾವುದನ್ನೂ ಎತ್ತಿಕೊಂಡು ಇನ್ನೊಂದರ ಮುಖಕ್ಕೆ ಹಿಡಿಯಬೇಡಿ. ಎಲ್ಲ ಚೆನ್ನಾಗಿರುವಾಗಲೇ ಬೇರೆ ಮಾಡಿ.

ಒಮ್ಮೆ ಬುಸ್ ಅನ್ನುವುದು, ಉಗುರು ತೆಗೆಯದೆ ಒಂದೇಟು ಕೊಡುವುದು ಮಾಮೂಲು. ಕಿವಿ ಹಿಂದಕ್ಕೆ ಅಂಟಿಸಿ, ಮೈ ಬಿಗಿಹಿಡಿದು, ಕಣ್ಣು ಮಿಟುಕಿಸದೆ ದಿಟ್ಟಿಸುತ್ತಿದ್ದರೆ ನಡುವೆ ದಿಂಬೋ ರಟ್ಟೋ ಅಡ್ಡ ಇಟ್ಟು ನೋಟ ಮುರಿಯಿರಿ. ಕೈ ಮಾತ್ರ ಹಾಕಬೇಡಿ. ಬೆಕ್ಕು ಕಚ್ಚಿದ ಗಾಯ ಬೇಗ ಕೀವಾಗುತ್ತದೆ, ರೇಬೀಸ್ ಭಯವೂ ಇದೆ. ಕಚ್ಚಿದರೆ 15 ನಿಮಿಷ ಸೋಪು, ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಸದ್ದಿಲ್ಲದ ಜಗಳವೂ ಇದೆ, ಅದು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಒಂದು ಬೆಕ್ಕು ಟ್ರೇ ದಾರಿಯಲ್ಲಿ ಅಡ್ಡ ಮಲಗುತ್ತದೆ, ಇನ್ನೊಂದು ಹೆದರಿ ಮಂಚದ ಕೆಳಗೆ ಉಚ್ಚೆ ಹೊಯ್ಯುತ್ತದೆ. ಅದಕ್ಕೇ ಎರಡು ಬೆಕ್ಕಿಗೆ ಮೂರು ಟ್ರೇ, ಅವೂ ಬೇರೆಬೇರೆ ಕಡೆ. ಊಟ, ನೀರೂ ಬೇರೆ ಜಾಗದಲ್ಲಿ. ಬೀರು ಮೇಲೆ, ಕಿಟಕಿ ಅಂಚಿನಲ್ಲಿ ಏರಿ ಕೂರಲು ಜಾಗ ಕೊಡಿ. ಉಚ್ಚೆ ಹೊಯ್ದ ಕಡೆ ಫಿನೈಲ್ ಹಾಕಬೇಡಿ, ಅದರಲ್ಲಿರುವ ಫೀನಾಲ್ ಬೆಕ್ಕಿಗೆ ವಿಷ. ಎನ್‌ಜೈಮ್ ಇರುವ ಕ್ಲೀನರ್ ಬಳಸಿ. ಟ್ರೇಯಲ್ಲಿ ಕೂತು ತಿಣುಕಿದರೂ ಉಚ್ಚೆ ಬಾರದಿದ್ದರೆ, ಅದರಲ್ಲೂ ಗಂಡಾಗಿದ್ದರೆ, ಅದು ತುರ್ತು. ಒಂದು ದಿನ ಪೂರ್ತಿ ಊಟ ಬಿಟ್ಟರೂ ವೈದ್ಯರಿಗೆ ತೋರಿಸಿ.

ಕೆಲವು ಜೋಡಿಗೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳು. ಮರಿಯನ್ನು ದೊಡ್ಡ ಬೆಕ್ಕು ಬೇಗ ಒಪ್ಪುವುದುಂಟು, ಆದರೆ ವಯಸ್ಸಾದ ಬೆಕ್ಕಿಗೆ ಮರಿಯ ಕುಣಿದಾಟ ಹಿಂಸೆಯೂ ಆಗುತ್ತದೆ. ಒತ್ತಿಕೊಂಡು ಮಲಗದಿದ್ದರೂ ಪರವಾಗಿಲ್ಲ. ಒಂದೇ ಹಾಲ್‌ನಲ್ಲಿ ತಮ್ಮ ಪಾಡಿಗೆ ತಾವಿದ್ದರೆ ಅದೇ ಗೆಲುವು. ತಿಂಗಳುಗಟ್ಟಲೆ ಶ್ರಮಿಸಿದರೂ ಒಂದು ಬೆಕ್ಕು ಸದಾ ಹೆದರಿ ಬದುಕುತ್ತಿದ್ದರೆ, ಹೊಸದಕ್ಕೆ ಬೇರೆ ಒಳ್ಳೆಯ ಮನೆ ಹುಡುಕುವುದೂ ಪ್ರೀತಿಯೇ.

ಇನ್ನೊಂದು ವಿಷಯ. ಒಗ್ಗಿಹೋದ ಜೋಡಿಯಲ್ಲಿ ಒಂದನ್ನು ಮಾತ್ರ ಆಸ್ಪತ್ರೆಗೆ ಒಯ್ದು ತಂದರೆ ಇನ್ನೊಂದು ಅದರ ಮೇಲೆ ಬುಸುಗುಡಬಹುದು. ಔಷಧಿಯ ವಾಸನೆ ಅಂಟಿ ಗುರುತು ತಪ್ಪಿರುತ್ತದೆ. ಬಂದದ್ದನ್ನು ಕೆಲವು ಗಂಟೆ ಬೇರೆ ಕೋಣೆಯಲ್ಲಿ, ಮನೆಯ ಹಳೇ ಹಾಸಿಗೆಯ ಮೇಲೆ ಮಲಗಲು ಬಿಟ್ಟು ಆಮೇಲೆ ಬಾಗಿಲು ತೆಗೆಯಿರಿ.