ಗಟಾರ ಬಿಡಿ, ನೀರಿನ ಟಾಕಿ ಮುಚ್ಚಳ ಎತ್ತಿ: ಮಲೇರಿಯಾ ತಡೆಗೆ ಹಳ್ಳಿಗೆ ಹೊರಟ ವಿದ್ಯಾರ್ಥಿಗಳಿಗೆ

ಜಾಥಾದಿಂದ ಸೊಳ್ಳೆಯ ಒಂದು ಲಾರ್ವಾನೂ (ನೀರಲ್ಲಿ ಬೆಳೆಯುವ ಮರಿಹುಳು) ಸಾಯುವುದಿಲ್ಲ. ವಿಶ್ವ ಮಲೇರಿಯಾ ದಿನ ಅಂತ ಏಪ್ರಿಲ್ 25ಕ್ಕೆ ಬ್ಯಾನರ್ ಹಿಡಿದು ಜಗತ್ ಸರ್ಕಲ್‌ವರೆಗೆ ನಡೆದು ಬರುವುದು ಸುಲಭ. ಆದರೆ ಕಲಬುರಗಿಯ ಆ ಬಿಸಿಲಿಗೆ ಗುಂಡಿಗಳೆಲ್ಲ ಒಣಗಿರುತ್ತವೆ, ನಿಮಗೂ ಪರೀಕ್ಷೆ ಹತ್ತಿರ. ಕೆಲಸ ಶುರುವಾಗಬೇಕಾದ್ದು ಜೂನ್‌ನ ಮೊದಲ ಮಳೆಗೆ. ಕಾರ್ಯಕ್ರಮ ಮಾಡಲೇಬೇಕೆಂದಿದ್ದರೆ ಆಗಸ್ಟ್ 20 ಇದೆ. 1897ರಲ್ಲಿ ಅದೇ ದಿನ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಸಿಕಂದರಾಬಾದಿನಲ್ಲಿ, ಆಗ ಕಲಬುರಗಿ, ಬೀದರ, ಯಾದಗಿರಿ ಈ ನಮ್ಮ ಮೂರೂ ಜಿಲ್ಲೆಗಳಂತೆ ಅದೂ ನಿಜಾಮರ ಸೀಮೆ.

ಲೆಕ್ಕ ಸರಳ. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ಆದ್ದರಿಂದ 500 ಮನೆಗೆ ಒಮ್ಮೆ ಹೋಗುವುದಕ್ಕಿಂತ ಅದೇ 250 ಮನೆಗೆ ಪ್ರತಿ ವಾರ, ಅದೇ ದಿನ ಹೋಗುವುದು ಮೇಲು. 20 ಜನರಿದ್ದರೆ 10 ಜೋಡಿ, ಜೋಡಿಗೆ 25 ಮನೆ, ಮನೆಗೆ 5 ನಿಮಿಷ. ಬೆಳಿಗ್ಗೆ ಆರೂವರೆಗೆ ಓಣಿಯಲ್ಲಿರಬೇಕು. ಎಂಟೂವರೆಯಾದರೆ ಹೆಣ್ಣುಮಕ್ಕಳು ತೊಗರಿ ಹೊಲಕ್ಕೆ ಹೊರಟಿರುತ್ತಾರೆ, ಬಾಗಿಲಿಗೆ ಕೀಲಿ ಬಿದ್ದಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಮೊದಲೇ ಪತ್ರ ಕೊಡಿ, ಮೊದಲ ವಾರ ಆಶಾ ಕಾರ್ಯಕರ್ತೆಯ ಜೊತೆಗೇ ಹೋಗಿ. ಗುರುತಿಲ್ಲದವರಿಗೆ ಯಾರೂ ಕುಡಿಯುವ ನೀರಿನ ಮುಚ್ಚಳ ತೆಗೆದು ತೋರಿಸುವುದಿಲ್ಲ. ತಾಂಡಾಕ್ಕೆ ಲಂಬಾಣಿ ಮಾತಾಡುವವರು, ಬೀದರಿನ ಗಡಿ ಹಳ್ಳಿಗೆ ಮರಾಠಿ ಬಲ್ಲವರು ಜೋಡಿಯಲ್ಲಿ ಒಬ್ಬರಾದರೂ ಇರಲಿ.

ಹೆಚ್ಚಿನ ತಂಡಗಳು ಎಡವುವುದು ಗಟಾರದಲ್ಲಿ. ಕೊಳಚೆಯಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್ ಎಂಬ ಬೇರೆ ಜಾತಿಯ ಸೊಳ್ಳೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಬೇಕಾದ್ದು ತಿಳಿನೀರು. ಊರೊಳಗೆ ಅದು ಸಿಮೆಂಟ್ ಟಾಕಿ, ಹಾಳು ಬಾವಿ, ದನದ ದೋಣಿ. ಊರ ಹೊರಗೆ ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಪರ್ಸಿಕಲ್ಲಿನ (ನೆಲಕ್ಕೆ ಹಾಸುವ ಕಲ್ಲು) ಖಣಿಗಳಲ್ಲಿ ನಿಂತ ಮಳೆನೀರು; ಶಹಾಪುರ, ಸುರಪುರದಲ್ಲಿ ಕಾಲುವೆ ಸೋರಿ ಭತ್ತದ ಗದ್ದೆಯ ಅಂಚಿಗೆ ನಿಲ್ಲುವ ನೀರು.

ಹುಡುಕಲು ಒಂದು ಬಿಳಿ ಪ್ಲಾಸ್ಟಿಕ್ ಮಗ್ ಅನ್ನು ನಾಲ್ಕು ಅಡಿ ಬಿದಿರಿಗೆ ತಂತಿಯಿಂದ ಬಿಗಿಯಿರಿ. ಬಣ್ಣದ ಮಗ್‌ನಲ್ಲಿ ಲಾರ್ವಾ ಕಾಣುವುದಿಲ್ಲ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನಿಲ್ಲಿ. ನೆರಳು ಬಿದ್ದರೆ, ಅಂಚು ಅಲುಗಿದರೆ ಲಾರ್ವಾ ಕೂಡಲೇ ತಳಕ್ಕೆ ಇಳಿಯುತ್ತವೆ. ಹಾಗಾದರೆ ಎರಡು ಮೂರು ನಿಮಿಷ ಸುಮ್ಮನಿರಿ. ಮಗ್ ಅನ್ನು ಓರೆಯಾಗಿಸಿ ನೀರಿನ ಮೇಲ್ಪದರವನ್ನಷ್ಟೇ ಕೆನೆ ತೆಗೆದ ಹಾಗೆ ತೆಗೆಯಿರಿ, ಆಳಕ್ಕೆ ಅದ್ದಬೇಡಿ. ಅಂಚು, ಪಾಚಿ, ಹುಲ್ಲಿನ ಬುಡ ನೋಡಿ, ಗುಂಡಿಗೆ ಹತ್ತು ಸಲವಾದರೂ. ಆಮೇಲೆ ಮಗ್ ಅಲುಗಿಸದೆ ಕಾಯಿರಿ. ಲಾರ್ವಾ ಮೇಲೆ ಬಂದು ನೀರಿಗೆ ಸಮನಾಗಿ, ಕಡ್ಡಿ ಮಲಗಿಸಿದಂತೆ ತೇಲಿದರೆ ಅದು ಅನಾಫಿಲಿಸ್. ಬಾಲ ಮೇಲೆ, ತಲೆ ಕೆಳಗೆ ಮಾಡಿ ತೂಗಿದರೆ ಬೇರೆ ಜಾತಿ. ಆ ಮಗ್ ಅನ್ನು ಮನೆಯಾಕೆಗೆ ತೋರಿಸಿ, 'ಇದು ಇನ್ನೊಂದು ವಾರಕ್ಕೆ ಗುಂಗಾಡು ಆಗತದ' ಅನ್ನಿ. ಹತ್ತು ಕರಪತ್ರಕ್ಕಿಂತ ಇದು ನಾಟುತ್ತದೆ. ಖಣಿಯ ಮಗ್ ಮಾತ್ರ ಕುಡಿಯುವ ನೀರಿಗೆ ಬೇಡ, ಅದಕ್ಕೆ ಬೇರೆಯೇ ಇರಲಿ.

'ನೀರು ಚೆಲ್ಲಿ' ಅಂತ ಮಾತ್ರ ಹೇಳಬೇಡಿ. ನಳ ಎಷ್ಟೋ ದಿನಕ್ಕೊಮ್ಮೆ ಬರುವ ಊರಲ್ಲಿ ಅದು ಬೈಗುಳಕ್ಕೆ ಸಮ. ಹಳೆ ಧೋತರವನ್ನು ಎರಡು ಪದರ ಮಡಚಿ, ಅದರ ಮೂಲಕ ನೀರನ್ನು ಕೊಡಗಳಿಗೆ ಸೋಸಿ, ಟಾಕಿ ತಿಕ್ಕಿ, ಅದೇ ನೀರು ತಿರುಗಿ ಹಾಕಲು ನೀವೇ ಕೈಜೋಡಿಸಿ. ಮುಚ್ಚಳವಿಲ್ಲದ ಡ್ರಮ್ಮಿಗೆ ಬಟ್ಟೆ ಕಟ್ಟಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿಯಿರಿ. ಬಟ್ಟೆ ಜೋತು ನೀರಿಗೆ ತಾಗಿದರೆ ಕಟ್ಟಿದ್ದು ದಂಡ, ಸೊಳ್ಳೆ ಅದರ ಮೇಲೇ ಕೂತು ಮೊಟ್ಟೆ ಇಡುತ್ತದೆ.

ಸಣ್ಣ ಗುಂಡಿಗೆ ಮೊರಂ ಮಣ್ಣು ತುಂಬುವುದೇ ಸರಿ. ಬಳಸದ ಬಾವಿಗೆ, ಖಣಿಗೆ ಲಾರ್ವಾ ತಿನ್ನುವ ಗಂಬೂಸಿಯಾ ಮೀನು ಬಿಡಬಹುದು, ಆರೋಗ್ಯ ಇಲಾಖೆ ಒಪ್ಪಿದರೆ ಮಾತ್ರ. ಕೆರೆಗೆ, ಹಳ್ಳಕ್ಕೆ ಬೇಡ, ಅಲ್ಲಿನ ಮೀನುಗಳ ಮೊಟ್ಟೆ ಮರಿಗಳನ್ನೇ ತಿಂದುಬಿಡುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಬೆನ್ನಲ್ಲೇ ಬಿಟ್ಟರೆ ಮೀನು ಸತ್ತು ತೇಲುತ್ತವೆ. ಲಾರ್ವಾ ಕೊಲ್ಲುವ ಔಷಧ ಟೆಮಿಫಾಸ್ ಮುಟ್ಟಬೇಡಿ, ಅಳತೆ ಬಲ್ಲ ಆರೋಗ್ಯ ಸಿಬ್ಬಂದಿ ಹಾಕಲಿ. ಇನ್ನು 'ಹೊಗೆ ಹೊಡಸ್ರಿ' ಎಂಬ ಬೇಡಿಕೆ ಎಲ್ಲ ಕಡೆ ಬರುತ್ತದೆ. ಹೊಗೆಗೆ ಸಾಯುವುದು ಆಗ ಹಾರಾಡುತ್ತಿರುವ ಸೊಳ್ಳೆ, ನೀರಲ್ಲಿರುವ ಲಾರ್ವಾಗೆ ಏನೂ ಆಗದು.

ಅನಾಫಿಲಿಸ್ ಕಚ್ಚುವುದು ಕತ್ತಲಾದ ಮೇಲೆ. ಅಂಗಳದಲ್ಲಿ, ಮಾಳಿಗೆ ಮೇಲೆ ಮಲಗುವವರಿಗೆ ಹೊರಸಿನ ನಾಲ್ಕು ಕಾಲಿಗೆ ಬಿದಿರು ಕಟ್ಟಿ ಸೊಳ್ಳೆ ಪರದೆ ಇಳಿಬಿಟ್ಟು ತೋರಿಸಿ. ಔಷಧ ಲೇಪಿತ ಹೊಸ ಪರದೆಯನ್ನು ಒಂದು ದಿನ ನೆರಳಲ್ಲಿ ಹರವಿ ಬಳಸಬೇಕು. ಒಗೆದಾಗಲೂ ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಔಷಧದ ಕಸುವು ಹೋಗುತ್ತದೆ.

ಮನೆ ಮನೆಯಲ್ಲೂ ಕೇಳಬೇಕಾದ ಎರಡು ಪ್ರಶ್ನೆ: ಯಾರಿಗಾದರೂ ಜ್ವರವೇ? ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರು ಈಚೆಗೆ ಬಂದಿದ್ದಾರೆಯೇ? ಹೌದೆಂದರೆ ಅದೇ ದಿನ ಆಶಾಗೆ ತಿಳಿಸಿ. ಬೆರಳ ತುದಿಯ ಒಂದು ಹನಿ ರಕ್ತ, ಇಪ್ಪತ್ತು ನಿಮಿಷದೊಳಗೆ ಕಿಟ್‌ನಲ್ಲಿ ಉತ್ತರ. ಮಾತ್ರೆ ನೀವು ಕೊಡಬಾರದು.

ಆದರೆ ಮಾತ್ರೆ ಮುಗಿಯುವಂತೆ ನೋಡಿಕೊಳ್ಳಬಹುದು. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆ 14 ದಿನ. ನಾಲ್ಕನೇ ದಿನಕ್ಕೆ ಜ್ವರ ಇಳಿದೊಡನೆ ಉಳಿದ ಮಾತ್ರೆ ಗೂಡಿಗೆ ಸೇರುತ್ತವೆ. ಆಗ ಯಕೃತ್ತಿನಲ್ಲಿ ಮಲಗಿದ ರೋಗಾಣು ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಏಳುತ್ತದೆ. 14 ಚೌಕದ ಚೀಟಿಯನ್ನು ಬಾಗಿಲ ಹಿಂದೆ ಅಂಟಿಸಿ, ದಿನಕ್ಕೊಂದು ಗೀಟು ಹಾಕಿಸಿ. ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಊಟದ ಮೇಲೆ ತೆಗೆದುಕೊಳ್ಳಲಿ. ಮೂತ್ರ ಕಪ್ಪು ಚಹಾದಂತಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಈ ಮಾತ್ರೆ ಇಲ್ಲ.

ರಿಜಿಸ್ಟರಿನಲ್ಲಿ ನಾಲ್ಕೇ ಕಾಲಂ: ಮನೆ, ನೋಡಿದ ಪಾತ್ರೆ, ಲಾರ್ವಾ ಸಿಕ್ಕ ಪಾತ್ರೆ, ಜ್ವರ. 120 ಪಾತ್ರೆಯಲ್ಲಿ 18ರಲ್ಲಿ ಸಿಕ್ಕರೆ ನೂರಕ್ಕೆ 15. ಪ್ರತಿ ವಾರದ ಈ ಅಂಕಿಯನ್ನು ಪಂಚಾಯಿತಿ ಗೋಡೆಗೆ ಓಣಿವಾರು ಬರೆಯಿರಿ, ಮನೆಯವರ ಹೆಸರು ಬೇಡ. ಸೆಮಿಸ್ಟರ್ ಪರೀಕ್ಷೆ ಬಂದು ನಿಮ್ಮ ಓಡಾಟ ನಿಂತಾಗ ರಿಜಿಸ್ಟರಿನ ಒಂದು ಪ್ರತಿ ಆಶಾ ಕೈಗೆ, ಮಗ್ ಕಟ್ಟಿದ ಬಿದಿರು ಊರ ಶಾಲೆಗೆ.